ಎಂಬತ್ತರ ನಂತರ ತೊಂಬತ್ತೇಳು

ಪುಳಿಯಂಕಡವಿನಲ್ಲಿ ಒಬ್ಬರ ಜೊತೆ ಒಬ್ಬರು ಮಾತು ಬಿಡುವುದಕ್ಕೆ ಬೇಲಿಯ ತಕರಾರು ಬೇಕಿಲ್ಲ, ಮದುವೆಗೆ ಕರೆಯದೆ ಇರುವುದೂ ಬೇಕಿಲ್ಲ. ‘ಏಳು ದೀಪದ ಮಲೆ’ ಒಂದೇ ಸಾಕು. ಚಿರುತೆ ಎಂಬ ಮಾಟಗಾತಿ ಬೆಟ್ಟದ ಮೇಲಿನ ಏಳು ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತ ಹೋಗುವ ಕಾದಂಬರಿ ಅದು. ದೀಪಕ್ಕೊಂದು ಸಂಪುಟ. ಆರು ಬಂದಿವೆ, ಏಳನೆಯದಕ್ಕೆ ಊರಿಗೆ ಊರೇ ಎಂಟು ವರ್ಷದಿಂದ ಕಾಯುತ್ತ ಕೂತಿದೆ. ಕಾಯುವವರು ಬಾಯಿ ಮುಚ್ಚಿಕೊಂಡು ಕಾಯಬೇಕಲ್ಲ, ಅದು ಕಣ್ಣೂರಿನ ಕಡೆಯವರಿಗೆ ಹುಟ್ಟಾ ಬಾರದ ವಿದ್ಯೆ. ಚಿರುತೆಯ ಮಾಟ ನಡೆಯುವುದಾದರೂ ಹೇಗೆ ಎಂಬುದರ ಮೇಲೆ ಎರಡು ಪಕ್ಷ ಕಟ್ಟಿಕೊಂಡರು.

ಒಂದು ಉಪ್ಪಿನ ಪಕ್ಷ. ಅದರ ನಾಯಕ ಚಹಾ ಅಂಗಡಿಯ ಮೊಯ್ದುಕ್ಕ, ಊರಿನ ಗ್ರಂಥಾಲಯವಾದ ನವೋದಯ ವಾಯನಶಾಲೆಯ ಅಧ್ಯಕ್ಷ. ಚಿರುತೆ ಮಾಟ ಮಾಡುವ ಮುಂಚೆ ಪ್ರತಿ ಸಲವೂ ಉಪ್ಪಿನದೇನನ್ನಾದರೂ ತಿಂದಿರುತ್ತಾಳೆ, ಆದ್ದರಿಂದ ಶಕ್ತಿ ಇರುವುದು ಉಪ್ಪಿನಲ್ಲಿ ಎಂದು ಅವನ ವಾದ. “ಆರು ಸಂಪುಟದಲ್ಲಿ ಇಪ್ಪತ್ತೊಂದು ಸಲ ಗಂಜಿ ಕುಡೀತಾಳೆ, ಒಂದ್ಸಲಾನಾದ್ರೂ ಸಪ್ಪೆ ಗಂಜಿ ಅಂತ ಬರೆದಿದ್ದಾರಾ? ತೋರಿಸಿ, ಅಂಗಡಿ ಮುಚ್ತೀನಿ” ಎನ್ನುತ್ತಿದ್ದ. ಅವನ ಅಂಗಡಿಯಲ್ಲಿ ಉಪ್ಪುನೀರಿನ ಮಾವಿನಕಾಯಿ ಬಹಳ ಚೆನ್ನಾಗಿ ಮಾರಾಟವಾಗುತ್ತಿತ್ತು ಎಂಬುದನ್ನು ಎದುರು ಪಕ್ಷದವರು ನೆನಪಿಸದೆ ಬಿಡುತ್ತಿರಲಿಲ್ಲ.

ಎದುರು ಪಕ್ಷವೆಂದರೆ ಚಿಂಡನ್ ಮಾಷ್. ಮೂವತ್ನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ವಾಯನಶಾಲೆಯ ಕಾರ್ಯದರ್ಶಿ. ಅವರದು ರಿಬ್ಬನ್ ಸಿದ್ಧಾಂತ. ಮಂತ್ರದಿಂದ ಮಾಟ ಆಗುವುದೇ ಇಲ್ಲ. ಮಾಟ ತನ್ನ ಪಾಡಿಗೆ ತಾನು ಮೊದಲೇ ಆಗಿರುತ್ತದೆ, ಮಂತ್ರ ಹೇಳುವುದು ಆಮೇಲೆ. “ಸೇತುವೆ ಕಟ್ಟೋರು ಯಾರು? ಕೂಲಿಯವರು. ರಿಬ್ಬನ್ ಕತ್ತರಿಸೋಕೆ ಬರೋರು ಯಾರು? ಎಂಎಲ್‌ಎ. ಚಿರುತೇನೂ ಅಷ್ಟೇ. ದೀಪ ಹೊತ್ತಿದ ಮೇಲೆ ಬಂದು ಬಾಯಿ ಆಡಿಸ್ತಾಳೆ” ಎಂದು ಅವರು ಹೇಳಿದಾಗ ಸಭೆ ಚಪ್ಪಾಳೆಯಿಂದ ತುಂಬಿಹೋಗುತ್ತಿತ್ತು.

ಮಾಷ್ ಬಾಯಿಗೆ ಬಂದದ್ದು ಹೇಳುವ ಮನುಷ್ಯನಲ್ಲ. ಆಧಾರವಿತ್ತು. ವಾಯನಶಾಲೆಯ ನಾಲ್ಕನೆಯ ಸಂಪುಟದಲ್ಲಿ ಎಂಬತ್ತನೆಯ ಪುಟದ ಕೊನೆಗೆ ‘ಚಿರುತೆ ಕಣ್ಣು ಮುಚ್ಚಿದಳು’ ಎಂದಿದೆ. ಪಕ್ಕದ ಪುಟದಲ್ಲಿ ‘ದೀಪ ಹೊತ್ತಿಕೊಂಡಿತು.’ ಆ ಪುಟದ ಸಂಖ್ಯೆ ತೊಂಬತ್ತೇಳು. ಅಲ್ಲಿಂದ ನೂರಹನ್ನೆರಡರವರೆಗೆ ದೀಪದ ವೈಭವ. ಅದಾದ ಮೇಲೆ ಎಂಬತ್ತೊಂದನೆಯ ಪುಟ, ‘ಆಗ ಅವಳು ಮಂತ್ರ ಶುರುಮಾಡಿದಳು.’ ದೀಪ ಮೊದಲು, ಮಂತ್ರ ಆಮೇಲೆ! ಪುಟಸಂಖ್ಯೆ ಹಿಂದುಮುಂದಾಗಿರುವುದು ಲೇಖಕಿ ಬೇಕೆಂದೇ ಬಿಟ್ಟ ಸುಳಿವು ಎಂದು ಮಾಷ್ ಕಂಡುಹಿಡಿದರು. ಎಂಬತ್ತೊಂದು ಮೂರರ ನಾಲ್ಕನೆಯ ಘಾತ, ತೊಂಬತ್ತೇಳು ಅವಿಭಾಜ್ಯ ಸಂಖ್ಯೆ; ಇದರ ಮೇಲೆಯೇ ಅವರು ಮೂರು ನೋಟ್‌ಬುಕ್ ತುಂಬಿಸಿದ್ದರು. ಹನ್ನೊಂದು ಊರಿನ ವಾಯನಶಾಲೆಗಳಲ್ಲಿ ಉಪನ್ಯಾಸವೂ ಆಯಿತು. ಒಂದು ಊರಿನಲ್ಲಿ ಯಾರೋ ಬ್ಯಾಂಕಿನ ಗುಮಾಸ್ತ ಎದ್ದುನಿಂತು, “ನಮ್ಮ ಪುಸ್ತಕದಲ್ಲಿ ಹಾಗಿಲ್ಲವಲ್ಲ” ಎಂದನಂತೆ. “ಸರಿಯಾಗಿ ಓದಿ ಬನ್ನಿ” ಎಂದು ಮಾಷ್ ಕೂರಿಸಿದರು.

ಆ ನಾಲ್ಕನೆಯ ಸಂಪುಟಕ್ಕೆ ಹೊಲಿಗೆ ಹಾಕಿದವಳು ಪ್ರೇಮಜ.

ಪ್ರೇಮಜ ನವೋದಯದ ಗ್ರಂಥಪಾಲಕಿ. ವಾರಕ್ಕೆರಡು ದಿನ ಎರಡು ಚೀಲ ತುಂಬ ಪುಸ್ತಕ ಹೊತ್ತು ಎಂಬತ್ನಾಲ್ಕು ಮನೆಯ ಹೆಂಗಸರಿಗೆ ತಲುಪಿಸುವುದು, ಹಳೆಯದನ್ನು ವಾಪಸು ತರುವುದು, ಹರಿದದ್ದಕ್ಕೆ ಬೈಂಡು ಹಾಕುವುದು ಎಲ್ಲ ಅವಳದೇ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ನಪಾಸಾಗಿ ಅಳುತ್ತ ಕೂತಿದ್ದವಳನ್ನು ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿಗೆ ಕರೆತಂದು, “ಲೆಕ್ಕ ಬರಲ್ಲ, ಆದ್ರೆ ಪುಸ್ತಕ ಮುಟ್ಟೋ ಕೈ ನೋಡಿ” ಎಂದು ಕಮಿಟಿಯನ್ನು ಒಪ್ಪಿಸಿದವರು ಇದೇ ಚಿಂಡನ್ ಮಾಷ್. ಅವಳ ಬೈಂಡಿಂಗ್ ಎಂದರೆ ಬೈಂಡಿಂಗ್. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಹಚ್ಚಿದರೆ ಗೆದ್ದಲೂ ಆ ಕಪಾಟಿನ ಕಡೆ ತಲೆ ಹಾಕುತ್ತಿರಲಿಲ್ಲ. ಅವಳ ಹೊಲಿಗೆ ತಪ್ಪಿರಬಹುದು ಎಂದು ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳಿಗಂತೂ ಹೊಳೆದೇ ಇರಲಿಲ್ಲ.

ವಾಯನಶಾಲೆಯ ವಾರ್ಷಿಕೋತ್ಸವಕ್ಕೆ ಕಾದಂಬರಿಗಾರ್ತಿ ಹೈಮವತಿ ಟೀಚರೇ ಬರುತ್ತಾರೆಂದು ಗೊತ್ತಾದಾಗ ಊರು ಕುಣಿಯಿತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ. ಮಾಷ್ ಅವರಿಗೆ ಇಪ್ಪತ್ತು ನಿಮಿಷ, ಮೊಯ್ದುಕ್ಕನಿಗೆ ಇಪ್ಪತ್ತು ನಿಮಿಷ, ಆಮೇಲೆ ಲೇಖಕಿಯ ತೀರ್ಪು.

ಶುಕ್ರವಾರ ಪ್ರೇಮಜ ಎಂದಿನಂತೆ ಚೀಲ ಹೊತ್ತು ಹೊರಟಳು. ದೋಣಿ ಕಡವಿನ ಹತ್ತಿರದ ಮನೆಗೆ ತ್ರಿಶೂರಿನಿಂದ ಹೊಸ ಸೊಸೆ ಬಂದಿದ್ದಳು, ಜಿಷ ಎಂದು. ತವರಿನಿಂದ ಚಿನ್ನಕ್ಕಿಂತ ಹೆಚ್ಚು ಪುಸ್ತಕ ತಂದಿದ್ದಾಳೆಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗಿದ್ದಳು, ಹೊಗಳಿ ಅಲ್ಲ.

“ಚೇಚಿ, ನಿಮ್ಮ ಮಾಷ್‌ದು ಅದೇನದು, ದೀಪ ಮೊದಲು ಮಂತ್ರ ಆಮೇಲೆ ಅಂತಾರಲ್ಲ, ಎಲ್ಲಿದೆ ಅದು?” ಎಂದು ಕೇಳಿದಳು ಜಿಷ.

“ನಾಲ್ಕನೇದ್ರಲ್ಲಿ ಮೋಳೇ. ಎಂಬತ್ತರ ನಂತರ ತೊಂಬತ್ತೇಳು ಬರುತ್ತಲ್ಲ, ಅಲ್ಲಿ.”

“ಎಂಬತ್ತರ ನಂತರ ತೊಂಬತ್ತೇಳು ಯಾಕೆ ಬರುತ್ತೆ?”

“ಅದೇ ಗುಟ್ಟು!” ಎಂದು ಪ್ರೇಮಜ ಜಂಬದಿಂದಲೇ ಹೇಳಿದಳು.

ಜಿಷ ಒಳಗೆ ಹೋಗಿ ತನ್ನ ಪ್ರತಿ ತಂದಳು. ಪ್ರೇಮಜ ಚೀಲದಿಂದ ವಾಯನಶಾಲೆಯದನ್ನು ತೆಗೆದಳು. ಜಗಲಿಯ ಮೇಲೆ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟರು. ಜಿಷಳದರಲ್ಲಿ ಎಂಬತ್ತರ ನಂತರ ಎಂಬತ್ತೊಂದು, ಎಂಬತ್ತೆರಡು, ಎಂಬತ್ತಮೂರು. ಎಲ್ಲ ಒಳ್ಳೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ಪ್ರೇಮಜ ಒಂದು ಲೋಟ ನೀರು ಕೇಳಿದಳು. ಕುಡಿಯುವಷ್ಟರಲ್ಲಿ ಅವಳಿಗೆ ಎಲ್ಲ ನೆನಪಾಯಿತು. ಐದು ವರ್ಷದ ಹಿಂದೆ, ಕೈಯಿಂದ ಕೈಗೆ ಹೋಗಿ ಹೋಗಿ ಬಿಚ್ಚಿಕೊಂಡಿದ್ದ ಆ ಸಂಪುಟವನ್ನು ಮುಂದೆ ಹರಡಿಕೊಂಡು ಹೊಲಿಯುತ್ತ ಕೂತಿದ್ದಳು. ಹದಿನಾರು ಪುಟಕ್ಕೊಂದು ಫಾರ್ಮು. ಐದು ಫಾರ್ಮು ಹೊಲಿದಾಯಿತು, ಎಂಬತ್ತು ಪುಟ. ಮುಂದಿನ ಫಾರ್ಮು ಕೈಗೆತ್ತಿಕೊಂಡವಳು ಹೊಲಿಯುವುದು ಬಿಟ್ಟು ಓದುತ್ತ ಕೂತಳು. ಚಿರುತೆ ದೋಣಿಯಲ್ಲಿ ಮೂರು ದಿನ ಮಂತ್ರ ಹೇಳುವ ಭಾಗ ಅದು, ಯಾರಿಗೆ ತಾನೇ ಬಿಡಲು ಮನಸ್ಸಾಗುತ್ತದೆ? ಓದಿ ಮುಗಿದದ್ದನ್ನು ತೊಡೆಯ ಕೆಳಗೆ ಸೇರಿಸಿ, ಮುಂದೇನಾಯಿತೆಂದು ನೋಡಲು ಅದರ ನಂತರದ್ದನ್ನು ಎತ್ತಿಕೊಂಡಳು. ಕೈಯಲ್ಲಿದ್ದದ್ದನ್ನೇ ಹೊಲಿದಳು. ತೊಡೆಯ ಕೆಳಗಿನದು ಆಮೇಲೆ ಸೇರಿತು.

ಆಗ ಮಾಷ್ ಕಣ್ಣಿನ ಆಸ್ಪತ್ರೆಯಲ್ಲಿದ್ದರು, ಪೊರೆಯ ಆಪರೇಷನ್ನಿಗೆ. ಪಟ್ಟಿ ಬಿಚ್ಚಿದ ದಿನ ಪ್ರೇಮಜಳೇ ಹೋಗಿ ಹೊಸದಾಗಿ ಹೊಲಿದ ಆ ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದಳು. ಹೊಸ ಕಣ್ಣಲ್ಲಿ ಅವರು ಮೊಟ್ಟಮೊದಲು ಓದಿದ ಪುಸ್ತಕವೇ ಅದು. ಹೊಸ ಕಣ್ಣಿಗೆ ಪುಟದ ಸಂಖ್ಯೆ ಕಾಣದೆ ಇರುತ್ತದೆಯೇ?

“ಚೇಚಿ, ಈಗ ಏನ್ಮಾಡ್ತೀರಿ?” ಎಂದಳು ಜಿಷ.

“ನೀನು ಭಾನುವಾರ ಸಭೆಗೆ ಬಾಯಿಗೆ ಬೀಗ ಹಾಕ್ಕೊಂಡು ಬಾ. ಅಷ್ಟು ಸಾಕು.”

ಶನಿವಾರ ಬೆಳಿಗ್ಗೆ ಪ್ರೇಮಜ ಹೇಳಿಬಿಡುವುದೆಂದೇ ಮಾಷ್ ಮನೆಗೆ ಹೋದಳು. ಹೇಳದಿದ್ದರೆ ನಾಳೆ ಲೇಖಕಿಯ ಎದುರು, ಊರಿನ ಎದುರು ಅವರು ನಗೆಪಾಟಲಾಗುತ್ತಾರೆ. ಹೇಳಿದರೆ ಇವತ್ತೇ ಮುರಿದುಬೀಳುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಮನೆಯಿಂದ ಹೊರಗೆ ಕಾಲಿಡದಿದ್ದ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಸಿದ್ಧಾಂತ. ಇದೆಲ್ಲ ನಿಂತಿರುವುದು ಹದಿನಾರು ಪುಟಗಳ ಮೇಲೆ.

ಮಾಷ್ ಗಂಜಿ ಹಾಕಿ ಇಸ್ತ್ರಿ ಮಾಡಿದ ಮುಂಡು ಉಟ್ಟು ಕನ್ನಡಿಯ ಎದುರು ನಿಂತು, ಗಡಿಯಾರ ನೋಡಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದರು.

“ಬಾ ಪ್ರೇಮಜೇ! ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು. ಇಪ್ಪತ್ತು ಸೆಕೆಂಡು ಮಿಕ್ಕಿದೆ, ಚಪ್ಪಾಳೆಗೆ.”

“ಮಾಷೇ, ಒಂದ್ಮಾತು ಹೇಳ್ಬೇಕಿತ್ತು. ನಾಲ್ಕನೇ ಸಂಪುಟದ್ದು.”

“ಅದನ್ನೇ ಹೇಳೋನಿದ್ದೆ! ಭಾಷಣದ ಕೊನೆಗೆ ನಿನ್ನ ಹೆಸರು ಹೇಳ್ತೀನಿ. ಪ್ರೇಮಜ ಆ ಪುಸ್ತಕ ಹೊಲೀದೆ ಇದ್ದಿದ್ರೆ ಈ ಸಿದ್ಧಾಂತವೇ ಇರ್ತಿರಲಿಲ್ಲ ಅಂತ. ನಿಜ ತಾನೇ?”

“ನಿಜ ಮಾಷೇ,” ಎಂದಳು ಪ್ರೇಮಜ. ಅದಕ್ಕಿಂತ ನಿಜವಾದ ಮಾತನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸಾದಳು.

ಸೀದಾ ಮೊಯ್ದುಕ್ಕನ ಅಂಗಡಿಗೆ ಹೋದಳು. ಶತ್ರುವಿಗೆ ಹೇಳಿದರೆ ಅವನೇ ಊರಿಗೆಲ್ಲ ಸಾರುತ್ತಾನೆ, ತನ್ನ ಬಾಯಿಂದ ಬರುವುದು ತಪ್ಪುತ್ತದೆ ಎಂಬ ಹೇಡಿ ಯೋಚನೆ. ಹೊಲಿಗೆಯ ಕಥೆ ಕೇಳಿ ಮೊಯ್ದುಕ್ಕ ಎಂಬತ್ತು, ತೊಂಬತ್ತೇಳು ಎರಡೂ ಪುಟ ನೋಡಿದ, ಚಹಾ ಎತ್ತಿ ಹೊಯ್ಯುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಐದು ವರ್ಷದ ಗೆಲುವು ತಟ್ಟೆಯಲ್ಲಿ ಬಂದು ಕೂತಿದೆ, ಈಗ ಕೇಕೆ ಹಾಕುತ್ತಾನೆ ಎಂದು ಪ್ರೇಮಜ ಕಾದಳು.

“ಯಾರಿಗಾದ್ರೂ ಹೇಳಿದ್ಯಾ?”

“ಜಿಷಗೆ ಗೊತ್ತು, ಬೇರೆ ಯಾರಿಗೂ ಇಲ್ಲ ಮೊಯ್ದುಕ್ಕ.”

“ಹೇಳ್ಬೇಡ. ಆ ಮುದುಕ ಬಿದ್ದೋದ್ರೆ ನಾನು ದಿನಾ ಬೆಳಗ್ಗೆ ಯಾರ ಹತ್ರ ಜಗಳ ಆಡ್ಲಿ? ನಿನ್ನ ಹತ್ರಾನಾ? ನೀನು ಎಲ್ಲದಕ್ಕೂ ಹೂಂ ಅಂತೀಯ.” ಅವನು ಪುಸ್ತಕವನ್ನು ಸಕ್ಕರೆ ಡಬ್ಬದ ಹಿಂದೆ ತುರುಕಿದ. “ಇದು ಇಲ್ಲಿರ್ಲಿ. ನಾಳೆ ಕೇಳಿದ್ರೆ, ಯಾರೋ ತಗೊಂಡೋಗಿದ್ದಾರೆ ಅನ್ನು. ಪುಸ್ತಕಾನೇ ಇಲ್ಲಾಂದ್ರೆ ಯಾರು ಏನು ನೋಡ್ತಾರೆ?”

ಭಾನುವಾರ ವಾಯನಶಾಲೆಯ ಅಂಗಳದಲ್ಲಿ ಕುರ್ಚಿ ಸಾಲದೆ ಪಕ್ಕದ ಮದ್ರಸಾದಿಂದ ಬೆಂಚು ತಂದರು. ಹೈಮವತಿ ಟೀಚರ್ ಆಟೋದಿಂದ ಇಳಿದರು. ಕುಳ್ಳಗೆ, ದುಂಡಗೆ, ಕೈಯಲ್ಲೊಂದು ರೇಷನ್ ಚೀಲ. ಮಾಟದ ಬೆಟ್ಟ ಬರೆದವರು ಎಂದರೆ ಯಾರೂ ನಂಬುವ ಹಾಗಿರಲಿಲ್ಲ. ಬಂದವರೇ ಬಾಳೆಹಣ್ಣು ಕರಿದ ಪಳಂಪೊರಿ ಎರಡು ತಿಂದರು, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸ್ವಾಗತ ಭಾಷಣ, ಸ್ವಾಗತಕ್ಕೆ ಪೀಠಿಕೆ, ಪೀಠಿಕೆಗೆ ಅಭಿನಂದನೆ ಎಲ್ಲ ಮುಗಿಯುವಷ್ಟರಲ್ಲಿ ನಾಲ್ಕೂವರೆ.

ಮೊಯ್ದುಕ್ಕ ಉಪ್ಪಿನ ಬಗ್ಗೆ ಮಾತಾಡಿದ. ಸೋಲಬೇಕೆಂದೇ ಮಾತಾಡಿದ, ಪಾಪ. ಇಪ್ಪತ್ತೊಂದು ಗಂಜಿಗಳಲ್ಲಿ ಒಂಬತ್ತನ್ನೇ ಹೇಳಿ ಕೂತ. ಅವನ ಪಕ್ಷದವರು ಮುಖ ಮುಖ ನೋಡಿಕೊಂಡರು.

ಮಾಷ್ ಎದ್ದರು. ಮುಂಡಿನ ಇಸ್ತ್ರಿಯ ಗೆರೆ ಒಂದೂ ಮುರಿಯದಂತೆ ಮೈಕಿನ ಮುಂದೆ ನಿಂತರು. ಹನ್ನೆರಡು ನಿಮಿಷ ಸಭೆ ಉಸಿರು ಬಿಗಿಹಿಡಿದು ಕೇಳಿತು. ಹೈಮವತಿ ಟೀಚರ್ ಕೂಡ ಬಾಯಿ ತೆರೆದುಕೊಂಡು ಕೇಳಿದರು. ಆಗ ಮಾಷ್ ಕೈ ಚಾಚಿದರು. “ಪ್ರೇಮಜೇ, ನಾಲ್ಕನೇ ಸಂಪುಟ.”

“ಇಲ್ಲ ಮಾಷೇ. ಯಾರೋ ತಗೊಂಡೋಗಿದ್ದಾರೆ.”

“ಯಾರೋ ಅಂದ್ರೆ? ರಿಜಿಸ್ಟರ್ ನೋಡು.”

“ನಾನೇ,” ಎಂದು ಮೊಯ್ದುಕ್ಕ ಕೂತಲ್ಲಿಂದಲೇ ಕೂಗಿದ. “ಓದ್ತಾ ಇದ್ದೀನಿ.”

“ನೀನು? ಓದೋದು?” ಸಭೆ ಗೊಳ್ಳೆಂದಿತು. “ತಾ ಇಲ್ಲಿ!”

“ಚಹಾ ಚೆಲ್ಲಿದೆ. ಒಣಗ್ಲಿಕ್ಕೆ ಹಾಕಿದ್ದೀನಿ.”

“ಅಷ್ಟಕ್ಕೆ ಯಾಕೆ ಜಗಳ?” ಎಂದರು ಹೈಮವತಿ ಟೀಚರ್. “ನನ್ನ ಹತ್ರ ಇದೆಯಲ್ಲ.” ರೇಷನ್ ಚೀಲದೊಳಗೆ ಕೈ ಹಾಕಿ, ಪಳಂಪೊರಿಯ ಎಣ್ಣೆ ಹತ್ತಿದ ನಾಲ್ಕನೆಯ ಸಂಪುಟ ತೆಗೆದು ಕೊಟ್ಟರು.

ಮೊಯ್ದುಕ್ಕ ತಲೆಯ ಮೇಲಿನ ಟೋಪಿ ತೆಗೆದು ಮುಖಕ್ಕೆ ಗಾಳಿ ಹಾಕಿಕೊಂಡ. ಮಾಷ್ ಪುಟ ತಿರುಗಿಸಿದರು. ಎಂಬತ್ತು. ಎಂಬತ್ತೊಂದು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎಂಬತ್ತೊಂದು ಹೋಗಲಿಲ್ಲ. ಅವರು ತಲೆಯೆತ್ತಿ ಬಹಳ ಮರ್ಯಾದೆಯಿಂದ, ಹಿಂದಿನ ಬೆಂಚಿನ ದಡ್ಡ ಹುಡುಗಿಗೆ ಹೇಳುವ ದನಿಯಲ್ಲಿ ಹೇಳಿದರು: “ಟೀಚರೇ, ನಿಮ್ಮ ಪ್ರತಿ ತಪ್ಪಿದೆ.”

“ನನ್ನದಾ?”

“ಅಚ್ಚಿನಲ್ಲಿ ಎಲ್ಲೋ ಹೆಚ್ಚುಕಡಿಮೆ ಆಗಿದೆ. ಬೇಸರ ಮಾಡ್ಕೋಬೇಡಿ. ನಮ್ಮದನ್ನ ನೋಡಿ ಸರಿ ಮಾಡ್ಕೊಳ್ಳಿ.”

ಯಾರೋ ಹಿಂದೆ ಕಿಸಕ್ಕೆಂದರು. ಆ ನಗು ಈಗ ಹರಡುತ್ತದೆ ಎಂದು ಪ್ರೇಮಜಳಿಗೆ ಗೊತ್ತಾಯಿತು. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ವೇದಿಕೆ ಹತ್ತದವಳು ಹತ್ತಿ ಮೈಕು ಹಿಡಿದಳು.

“ಮಾಷ್ ತಪ್ಪಲ್ಲ. ನಂದು ತಪ್ಪು. ಆ ಪುಸ್ತಕಾನ ನಾನು ಹೊಲಿದದ್ದು. ಹೊಲಿಯೋ ಹೊತ್ತಲ್ಲಿ ಓದ್ತಾ ಕೂತೆ. ಎರಡು ಫಾರ್ಮು ಹಿಂದೆ ಮುಂದೆ ಆಯ್ತು. ಐದು ವರ್ಷದಿಂದ ಇಡೀ ಊರು ನನ್ನ ತಪ್ಪನ್ನ ಓದಿದೆ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ, ಮಾಷ್ ನೋಡಿ ಮಾತ್ರ ನಗಬೇಡಿ.” ಅಷ್ಟು ಹೇಳಿ ಅವಳು ಅಳತೊಡಗಿದಳು. ಅಳುವೂ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು.

ಮೂರು ನೋಟ್‌ಬುಕ್ಕು, ಹನ್ನೊಂದು ಉಪನ್ಯಾಸ, ಆ ಬ್ಯಾಂಕಿನ ಗುಮಾಸ್ತ ಎಲ್ಲ ಮಾಷ್ ಮುಖದ ಮೇಲೆ ಹಾದುಹೋಗುವುದು ಕಾಣುತ್ತಿತ್ತು. ಆಮೇಲೆ ಮೈಕನ್ನು ಅವಳ ಕೈಯಿಂದ ಬಿಡಿಸಿಕೊಂಡರು.

“ಹೊಲಿದದ್ದು ಅವಳು, ಒಪ್ಪಿದೆ. ಆದ್ರೆ ಫಾರ್ಮು ಒಂದೊಂದಾಗಿ ಎತ್ತಿ ಕೊಟ್ಟಿದ್ದು ಯಾರು? ನಾನು. ಹಿಂದೆ ಮುಂದೆ ಮಾಡಿದ್ದು ನಾನು.”

ಪುಸ್ತಕ ಹೊಲಿದ ದಿನಗಳಲ್ಲಿ ಹಣ್ಣಿನ ಬುಟ್ಟಿ ಹಿಡಿದು ಅವರನ್ನು ನೋಡಲು ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದವರೇ ಅರ್ಧ ಸಭೆ.

“ಮಾಷೇ,” ಎಂದ ಮೊಯ್ದುಕ್ಕ ಮೆಲ್ಲಗೆ ಎದ್ದು, “ಆಗ ನೀವು ಎರಡೂ ಕಣ್ಣಿಗೆ ಪಟ್ಟಿ ಕಟ್ಕೊಂಡು...”

“ಅದಕ್ಕೇ ಹಿಂದೆ ಮುಂದೆ ಆಯ್ತು! ಕಣ್ಣು ಕಾಣೋನು ತಪ್ಪಿ ಕೊಡ್ತಾನಾ? ನೀನು ಕೂತ್ಕೋ!”

ಮೊಯ್ದುಕ್ಕ ಕೂರಲಿಲ್ಲ. ಅಧ್ಯಕ್ಷನಾದವನು ಸಭೆ ಕೈತಪ್ಪುವಾಗ ಮಾಡಬೇಕಾದ್ದು ಆ ಕಡೆಯಲ್ಲಿ ಒಂದೇ, ನಿರ್ಣಯ ಮಂಡಿಸುವುದು. ಅವನು ಮಂಡಿಸಿದ: ನವೋದಯ ವಾಯನಶಾಲೆಯ ಪ್ರತಿಯೇ ಸರಿಯಾದ ಪ್ರತಿ, ಉಳಿದ ಪ್ರತಿಗಳನ್ನು ಅದರಂತೆ ತಿದ್ದಬೇಕೆಂದು ಈ ಸಭೆ ಲೇಖಕಿಯನ್ನು ಕೋರುತ್ತದೆ. ಉಪ್ಪಿನ ಪಕ್ಷದಿಂದ ಒಂದು ತಿದ್ದುಪಡಿ ಬಂತು, ಮಂತ್ರಕ್ಕೆ ಮುಂಚೆ ಚಿರುತೆ ಒಂದು ಹೋಳು ಮಾವಿನಕಾಯಿ ತಿಂದಳೆಂದು ಸೇರಿಸಬೇಕೆಂದು. ತಿದ್ದುಪಡಿಯನ್ನೂ ಅಂಗೀಕರಿಸಿದರು. ಪರವಾಗಿ ಕೈ ಎತ್ತಿ ಎಂದಾಗ ಬೆಂಚುಗಳ ಮೇಲೆಲ್ಲ ಕೈ ಎದ್ದಿತು. ಜಿಷ ಎರಡೂ ಕೈ ಎತ್ತಿದಳು. ಹೈಮವತಿ ಟೀಚರ್ ಸಹ ಎತ್ತಿದರು.

“ಅತಿಥಿಗಳಿಗೆ ವೋಟಿಲ್ಲ ಟೀಚರೇ,” ಎಂದ ಮೊಯ್ದುಕ್ಕ.

“ಹಾಗಾದ್ರೆ ಸದಸ್ಯತ್ವ ಕೊಡಿ.”

ಪ್ರೇಮಜ ಮೂಗು ಒರೆಸಿಕೊಂಡು ಅಲ್ಲೇ ಕಾರ್ಡು ಬರೆದುಕೊಟ್ಟಳು. ಕಾರ್ಡು ಹಿಡಿದ ಕೈಯನ್ನು ಟೀಚರ್ ಇನ್ನೊಮ್ಮೆ ಎತ್ತಿದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಹೊರಡುವಾಗ ಟೀಚರ್ ಮಾಷ್ ಅವರ ಕೈ ಹಿಡಿದುಕೊಂಡರು. “ಆರನೇದ್ರ ಕೊನೆಗೆ ಚಿರುತೆಗೆ ಎಲ್ಲಾ ಮಂತ್ರ ಮರೆಸಿಬಿಟ್ಟೆ ಮಾಷೇ. ಬರೀವಾಗ ಚೆನ್ನಾಗಿತ್ತು. ಆಮೇಲೆ ಏಳನೇ ದೀಪ ಹೊತ್ತಿಸೋದು ಹೇಗೆ ಅಂತ ಎಂಟು ವರ್ಷದಿಂದ ತಲೆ ಕೆಡಿಸ್ಕೊಂಡು ಕೂತಿದ್ದೀನಿ. ದೀಪ ಮೊದಲು ಹೊತ್ತಬಹುದು ಅಂತ ನಂಗೆ ಹೊಳೀಲೇ ಇಲ್ಲ.”

“ಲೆಕ್ಕದಲ್ಲಿ ಸ್ವಲ್ಪ ವೀಕು ನೀವು,” ಎಂದರು ಮಾಷ್.

ಒಂದು ವರ್ಷ ಕಳೆದು ಏಳನೆಯ ಸಂಪುಟ ಬಂತು. ಬಂದ ವಾರದಲ್ಲೇ ಗಲಾಟೆ. ತಿರುವನಂತಪುರದಿಂದ ಕಾಸರಗೋಡಿನವರೆಗೆ ಜನ ಪುಸ್ತಕವನ್ನು ಅಂಗಡಿಗೆ ವಾಪಸು ತಂದು ಎಸೆದರು. ಎಂಬತ್ತನೆಯ ಪುಟದ ನಂತರ ತೊಂಬತ್ತೇಳು ಬಂದಿದೆ, ಬೈಂಡಿಂಗ್ ಮಾಡಿದವನಿಗೆ ಕಣ್ಣು ಕಾಣುತ್ತದೆಯೋ ಇಲ್ಲವೋ ಎಂದು ಪತ್ರಿಕೆಗಳಿಗೆ ಕಾಗದ ಬರೆದರು. ಪುಳಿಯಂಕಡವಿನಿಂದ ಮಾತ್ರ ಒಂದೇ ಒಂದು ಪ್ರತಿಯೂ ವಾಪಸು ಹೋಗಲಿಲ್ಲ. ಮಾವಿನಕಾಯಿ ಎಂಬತ್ತೊಂದನೆಯ ಪುಟದಲ್ಲಿತ್ತು. ಮೊಯ್ದುಕ್ಕ ಅದಕ್ಕೆ ಕೆಂಪು ಗೆರೆ ಎಳೆದು ಪುಸ್ತಕವನ್ನು ಅಂಗಡಿಯ ಮುಂದೆಯೇ ತೂಗುಹಾಕಿದ.

ಪ್ರೇಮಜ ಪಾರ್ಸೆಲ್ ಬಿಚ್ಚಿ ಮೊದಲ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಮಾಷ್ ಮನೆಗೆ ನಡೆದಳು. ಅವರು ಜಗಲಿಯಲ್ಲಿ ಕೂತು ಎಂಬತ್ತಕ್ಕೆ ತಿರುಗಿಸಿದರು, ಮುಂದಿನ ಪುಟ ನೋಡಿದರು, ಹೊಲಿಗೆಯ ಮೇಲೆ ಬೆರಳು ಎಳೆದು ದಾರದ ಬಿಗಿ ಪರೀಕ್ಷಿಸಿದರು. ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಈ ಸಲ ಫಾರ್ಮು ಎತ್ತಿ ಕೊಟ್ಟೋರು ಯಾರು ಪ್ರೇಮಜೇ?”

“ನೀವೇ ಮಾಷೇ,” ಎಂದಳು ಪ್ರೇಮಜ.